ಕೌದಿಯ ಹಿಂಬದಿ

ಸೌಹಾರ್ದದ ಸಭೆಗಳಲ್ಲಿ ಕೌದಿಗೆ ಬಿಡುವೇ ಇಲ್ಲ. ಭಾಷಣಕಾರರು ಮೈಕು ಹಿಡಿದ ಹತ್ತು ನಿಮಿಷದೊಳಗೆ ನಮ್ಮ ನಾಡು ಬಣ್ಣಬಣ್ಣದ ತುಂಡುಗಳ ಕೌದಿಯಾಗಿಬಿಡುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಅಂಥ ಯಾವ ಸಭಾಂಗಣದ ಗೋಡೆಯ ಮೇಲೂ ನಾನು ಒಂದು ನಿಜವಾದ ಕೌದಿಯನ್ನು ಕಂಡಿಲ್ಲ. ಅದನ್ನು ಹೊಲಿದವಳು ವೇದಿಕೆಯ ಮೇಲಿರುವುದಂತೂ ದೂರದ ಮಾತು. ರೂಪಕವಾಗಿ ಇಷ್ಟೊಂದು ಸವೆದಿರುವ ಈ ವಸ್ತುವನ್ನು ವಸ್ತುವಾಗಿಯೇ ನೋಡಿದ ವಿಮರ್ಶೆ ನಮ್ಮಲ್ಲಿ ತೀರಾ ಕಡಿಮೆ.

ಉರ್ದುವಿನವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 'ಗುದಡೀ ಕಾ ಲಾಲ್' ಎಂಬ ಮಾತನ್ನು ಉರ್ದು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು. ಚಿಂದಿ ಕೌದಿಯೊಳಗಿನ ಮಾಣಿಕ್ಯ, ಅಂದರೆ ಬಡವರ ಮನೆಯಲ್ಲಿ ಹುಟ್ಟಿದ ಪ್ರತಿಭಾವಂತ. ಮಾಣಿಕ್ಯಕ್ಕೆ ಹೊಗಳಿಕೆ, ಗುದಡಿಗೆ ಮರುಕ. ಸೂಫಿಗಳ ತೇಪೆಯ ನಿಲುವಂಗಿಗೆ 'ಮುರಕ್ಕಾ' ಎಂಬ ಹೆಸರಿತ್ತು. ಮೊಗಲರ ಕಾಲದಲ್ಲಿ ಅದೇ ಪದ ಚಿತ್ರಗಳನ್ನೂ ಅಂದವಾದ ಬರಹದ ಹಾಳೆಗಳನ್ನೂ ಜೋಡಿಸಿದ ಆಲ್ಬಮ್ಮಿಗೆ ಸಂದಿತು. ಆ ಆಲ್ಬಮ್ಮಿನ ಚಿತ್ರಕಾರರು ಯಾರೆಂದು ವಿದ್ವಾಂಸರು ಇಂದಿಗೂ ಹುಡುಕುತ್ತಾರೆ. ತೇಪೆ ಹಾಕಿದ ಕೈ ಯಾರದೆಂದು ಕೇಳಿದವರಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆಗಾಲಕ್ಕೆ ಮೊದಲು ಮನೆಯ ಜಗಲಿಯಲ್ಲಿ ಹಳೆಯ ಸೀರೆ, ಲುಂಗಿ, ದುಪಟ್ಟಾಗಳನ್ನು ಹರವಿಕೊಂಡು ಕೂತ ಹೆಂಗಸರನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಪಕ್ಕದ ಮನೆಯವಳು ಬಂದರೆ ಅವಳು ಮೊದಲು ಮಾಡುವ ಕೆಲಸ ಕೌದಿಯ ಅಂಚು ಹಿಡಿದು ಮಗುಚುವುದು. ಟಾಕು ಎಷ್ಟು ಸಣ್ಣದಿದೆ, ಗಂಟು ಎಲ್ಲಿ ಅಡಗಿದೆ, ಎಲ್ಲಿಂದ ಬೇರೆ ಕೈ ಸೂಜಿ ಹಿಡಿಯಿತು ಎಂಬುದೆಲ್ಲ ಹಿಂಬದಿಯಲ್ಲಿ ತಿಳಿಯುತ್ತದೆ. "ಇದನ್ನು ನೀನೊಬ್ಬಳೇ ಹೊಲಿದಿಲ್ಲ ಬಿಡು" ಎಂದು ನಕ್ಕುಬಿಟ್ಟರೆ ಮುಗಿಯಿತು, ಅದು ವಿಮರ್ಶೆಯೇ.

ಈ ಜಗಲಿಯ ವಿಮರ್ಶೆಯನ್ನು ಒಂದು ಊರಿನಷ್ಟು ದೊಡ್ಡದು ಮಾಡಿದರೆ ಹೇಗಿರುತ್ತದೆ? ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪಡೂಕಾ ಎಂಬ ಊರಿದೆ. ನಮ್ಮ ಸಾಗರಕ್ಕಿಂತಲೂ ಚಿಕ್ಕದು. 1985ರಿಂದ ಅಲ್ಲಿ ಕ್ವಿಲ್ಟ್, ಅಂದರೆ ಅವರ ಕೌದಿಗಳ ದೊಡ್ಡ ಪ್ರದರ್ಶನ ನಡೆಯುತ್ತಾ ಬಂದಿದೆ. 1991ರಲ್ಲಿ ಒಂದು ಮ್ಯೂಸಿಯಂ ಕೂಡ ಆಯಿತು. ಪ್ರದರ್ಶನದ ದಿನಗಳಲ್ಲಿ ಊರಿನ ಜನಸಂಖ್ಯೆಯನ್ನೂ ಮೀರಿಸುವಷ್ಟು ಮಂದಿ ಬರುತ್ತಾರೆ, ಹೆಚ್ಚಿನವರು ಹೊಲಿಯುವ ಹೆಂಗಸರೇ. ಗೆಳತಿಯರು ಗುಂಪು ಕಟ್ಟಿಕೊಂಡು ಬಸ್ಸಿನಲ್ಲಿ ಬಂದು, ಒಂದೇ ಕೋಣೆಯಲ್ಲಿ ಮಲಗಿ, ಕಾಲು ನೋಯುವವರೆಗೆ ಸಾಲುಸಾಲು ಸುತ್ತುತ್ತಾರೆ. ಇಂಥ ಪ್ರದರ್ಶನಗಳಲ್ಲಿ ಬಿಳಿ ಕೈಗವಸು ತೊಟ್ಟ ಕಾರ್ಯಕರ್ತೆಯರಿರುತ್ತಾರೆ. ನೋಡುಗರು ಮುಟ್ಟುವಂತಿಲ್ಲ. ಆದರೆ ಕೇಳಿದರೆ ಅವರು ಕ್ವಿಲ್ಟಿನ ಅಂಚೆತ್ತಿ ಹಿಂಬದಿ ತೋರಿಸುತ್ತಾರೆ! ಹೊಲಿಯುವವರು ಹೊಲಿಯುವವರಿಗಾಗಿ ಕಟ್ಟಿದ ಪ್ರದರ್ಶನ ಅದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಒಬ್ಬಳೇ ಹೋದವಳು ಚಂದವೆಂದು ನೋಡಿ ಮುಂದೆ ಹೋದಾಳು. ಜೊತೆಗಾತಿ ಇದ್ದರೆ ನಿಲ್ಲುತ್ತಾಳೆ, ಬೆರಳು ತೋರುತ್ತಾಳೆ, ಜಗಳವಾಡುತ್ತಾಳೆ.

ಅಲ್ಲಿಯದೆಲ್ಲ ಬಂಗಾರವೇನಲ್ಲ. ಹೊಲಿಗೆ ಯಂತ್ರದ ಕಂಪನಿಗಳ ಅಬ್ಬರವಿದೆ, ಬಹುಮಾನದ ಪೈಪೋಟಿಯಿದೆ. ಹೊಸ ಬಟ್ಟೆ ಕೊಂಡು ತಂದು ಅದನ್ನೇ ಚೂರುಚೂರು ಕತ್ತರಿಸಿ ಜೋಡಿಸುತ್ತಾರೆಂದರೆ ನಮ್ಮ ಅಜ್ಜಿಯರು ಗಾಬರಿಯಾದಾರು.

ಹರಿದ ಬಟ್ಟೆಯ ಕೌದಿಯೂ ಆ ದೇಶದಲ್ಲಿದೆ. ಅಲಬಾಮಾದ ಗೀಸ್ ಬೆಂಡ್, ನದಿ ಮೂರು ಕಡೆ ಬಳಸಿದ ಕಪ್ಪು ಜನರ ಹಳ್ಳಿ. ಮತದಾನದ ಹಕ್ಕಿಗಾಗಿ ಎದ್ದು ನಿಂತದ್ದಕ್ಕೆ 1962ರಲ್ಲಿ ಅವರ ದೋಣಿಯನ್ನೇ ನಿಲ್ಲಿಸಲಾಯಿತು; ಅದು ಮತ್ತೆ ಓಡಿದ್ದು 2006ರಲ್ಲಿ. ಲಿಂಗನಮಕ್ಕಿಯ ಹಿನ್ನೀರು ಸುತ್ತುವರಿದ ಮೇಲೆ 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿದ್ದ ನಮ್ಮ ತುಮರಿಯ ಕಡೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆ ಹಳ್ಳಿಯ ಹೆಂಗಸರು ಹೊಲದ ಕೆಲಸದ ಹಳೆ ಬಟ್ಟೆಗಳಿಂದ ಹೊಲಿದು ಹೊದ್ದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ, ಆಮೇಲೆ ನ್ಯೂಯಾರ್ಕಿನ ಮ್ಯೂಸಿಯಂ ಗೋಡೆಗೇರಿದವು. ಹೊಲಿದವರೂ ಹೋದರು, ತಮ್ಮ ಕೆಲಸವನ್ನು ದೀಪದ ಬೆಳಕಿನಲ್ಲಿ ನೋಡಿದರು. 2006ರಲ್ಲಿ ಅಂಚೆ ಚೀಟಿಗಳೂ ಬಂದವು. 2007ರಲ್ಲಿ ಅವರಲ್ಲಿ ಕೆಲವರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ಕೋರ್ಟಿಗೆ ಹೋದರು, ಮರುವರ್ಷ ರಾಜಿಯಾಯಿತು. ಗೋಡೆಗೇರಿದ ಕೌದಿಯ ಬಗ್ಗೆ ಬರೆಯುವವರು ಈ ಲೆಕ್ಕವನ್ನೂ ಬರೆಯಬೇಕು.

ನಮ್ಮ ಪಕ್ಕದ ಜಿಲ್ಲೆಗೇ ಬರೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸುವ 'ಫುಲ' ಇಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬೆತ್ತಲೆ. ಕ್ರೈಸ್ತರ ಕೆಲವು ಕೌದಿಗಳಲ್ಲಿ ಶಿಲುಬೆಯಿದೆ, ಮುಸ್ಲಿಮರದರಲ್ಲಿ ಅರ್ಧಚಂದ್ರ. ಗುರುತುಗಳು ಬೇರೆ, ಸೂಜಿಯ ನಡೆ ಒಂದೇ. ನಮ್ಮ ಭಾಷಣಕಾರರು ತುಂಡುಗಳ ಬಣ್ಣವನ್ನಷ್ಟೇ ಎಣಿಸುತ್ತಾರೆ, ಈ ನಡೆಯನ್ನು ಗಮನಿಸುವುದಿಲ್ಲ. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಷ್ಟು ದೂರ ಹೋದ ಕೌದಿ ಘಟ್ಟದ ಮೇಲೆಯೇ ಇರುವ ಸಾಗರಕ್ಕೆ ಬರಲು ಏನು ಅಡ್ಡಿ?

ಚೆನ್ನೈಯಲ್ಲಿ 2019ರ ಜನವರಿಯಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆಯಿತು. ಒಳ್ಳೆಯದೇ. ಆದರೆ ತೀರ್ಥಹಳ್ಳಿಯಲ್ಲಿ ಕತ್ತರಿಚೂರು ಆಯ್ದು ಹೊಲಿಯುವವಳಿಗೆ ಚೆನ್ನೈ ಬೇರೆ ದೇಶವಿದ್ದಂತೆ. ಮದುವೆ, ಸಾವು, ಆಸ್ಪತ್ರೆ ಬಿಟ್ಟು ಬೇರೆ ಕಾರಣಕ್ಕೆ ಊರು ದಾಟುವ ಹೆಂಗಸರು ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಂದಿ? ಮೊಹಲ್ಲಾಗಳಲ್ಲಷ್ಟೇ ಏಕೆ, ಕೇರಿಗಳಲ್ಲಿ ಕೂಡ. "ಕೌದಿ ನೋಡಲು ಹೋಗುತ್ತಿದ್ದೇನೆ" ಎಂದು ಮನೆಯಲ್ಲಿ ಹೇಳಿ ಹೊರಡುವುದೇ ಒಂದು ದೊಡ್ಡ ಸಂತೋಷ. ಎಂಪೋರಿಯಂಗಳು ಕೌದಿಯನ್ನು ಊರು ದಾಟಿಸುತ್ತವೆ, ಹೊಲಿದವಳನ್ನಲ್ಲ.

ಸಾಗರ ತಾಲೂಕಿಗೆ ನೋಡುವುದನ್ನು ಕಲಿಸುವುದು ಹೊಸತಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾಗಳನ್ನು ತೋರಿಸಿತು, ರಸಗ್ರಹಣ ಶಿಬಿರಗಳನ್ನು ಮಾಡಿತು. ಸಿನಿಮಾಕ್ಕೆ ಸಂದ ಆ ಮರ್ಯಾದೆ ಕೌದಿಗೆ ಯಾಕೆ ಸಲ್ಲಬಾರದು? ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಸುತ್ತಿನ ತಾಲೂಕುಗಳ ಎಲ್ಲ ಜಾತಿಯ ಹೆಂಗಸರೂ ಸಾಗರಕ್ಕೆ ಬರುತ್ತಾರೆ. ಬಳೆಯಂಗಡಿ, ಮಿಠಾಯಿ ಅಂಗಡಿಗಳ ಆಚೆ ಯಾವುದಾದರೂ ಒಂದು ಶಾಲೆಯ ಹಾಲ್ ಸಿಕ್ಕರೆ ಸಾಕು. ಪ್ರತಿ ಕೌದಿಯ ಪಕ್ಕ ಹೊಲಿದವಳ ಹೆಸರು, ಮಾರುವುದಾದರೆ ಅವಳೇ ಹೇಳಿದ ಬೆಲೆ. ಉದ್ಘಾಟನೆಗೆ ಭಾಷಣಕಾರರು ಬೇಡ. ಬಿಳಿ ಕೈಗವಸೂ ಬೇಡ. ಹತ್ತು ಮಳೆಗಾಲ ಹೊದ್ದು ಒಗೆದ ಕೌದಿಗಳವು, ಮಗುಚಿ ನೋಡಿದರೆ ಕೆಡುವುದಿಲ್ಲ.