ತಾತನ ರಿವಾಲ್ವರಿಗೆ ಬ್ರಾಸೋ ಬೇಡ

ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆಂದು ಚಪ್ಪಲಿ ಸವೆಯುವಷ್ಟು ಅಲೆಯುವ ನಮ್ಮ ಮದ್ದೂರು ಸೀಮೆಯವರು, ಅದೇ ತಾತನ ಬೀರುವಿನಲ್ಲಿರುವ ರಿವಾಲ್ವರನ್ನು ಮಾತ್ರ ಮರೆತೇಬಿಡುತ್ತಾರೆ. ಅದಕ್ಕೂ ಪೌತಿ ಖಾತೆಯಂಥದ್ದೊಂದು ಉಂಟು. ಲೈಸೆನ್ಸ್ ಇದ್ದದ್ದು ತಾತನ ಹೆಸರಿನಲ್ಲಿ. ಮೊಮ್ಮಗನ ಕೈಯಲ್ಲಿ ಅದಕ್ಕೆ ಬೆಲೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ಆಮೇಲೆ ವಾರಸುದಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆಪತ್ರವೂ ಬೇಕು. ಅಲ್ಲೇ ಅರ್ಧ ಅರ್ಜಿಗಳು ನಿಂತುಹೋಗುವುದು. 2016ರ ನಿಯಮಗಳಲ್ಲಿ ಇನ್ನೊಂದು ದಾರಿಯಿದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಆಯುಧ ಅವನ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು ಕೇಳಬಹುದು. ತಾತ ಗಟ್ಟಿಮುಟ್ಟಾಗಿರುವಾಗಲೇ ಇದನ್ನು ಮುಗಿಸಿಕೊಂಡವರು ಜಾಣರು.

ವೈದ್ಯನಾಥಪುರದ ಪರಿಚಿತರೊಬ್ಬರು ಹಾಗೆ ಕಾಗದಪತ್ರ ಸರಿಮಾಡಿಕೊಂಡು ತಾತನ .32 ಬೋರಿನ ವೆಬ್ಲಿ ತೋರಿಸಿದರು. ತೋರಿಸುತ್ತಲೇ, "ಬ್ರಾಸೋ ಹಾಕಿ ಉಜ್ಜುದ್ರೆ ಪಳಪಳ ಅಂತದೆ, ಅಲ್ವಾ ಸಾರ್?" ಎಂದರು.

ಬೇಡ. ಈ ವಾರದ ಅಂಕಣವೆಲ್ಲ ಆ ಒಂದು ಮಾತಿಗೇ ಮೀಸಲು.

ಮೊದಲು ನಳಿಗೆಯನ್ನು ಯಾರ ಕಡೆಗೂ ತಿರುಗಿಸದೆ, ಬೆರಳನ್ನು ಕುದುರೆಯಿಂದ ದೂರ ಇಟ್ಟುಕೊಂಡು, ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ವೆಬ್ಲಿಗಳು ನಡುವೆ ಮಡಚಿಕೊಳ್ಳುವ ಜಾತಿಯವು. ಹೆಬ್ಬೆರಳಿನಿಂದ ಚಿಲಕ ಒತ್ತಿದರೆ ನಳಿಗೆ ಕೆಳಕ್ಕೆ ಬಾಗುತ್ತದೆ, ಹಿಂದಿನಿಂದ ನಕ್ಷತ್ರದಾಕಾರದ ಒಂದು ತುಂಡು ಮೇಲೆದ್ದು ಖಾಲಿ ತೋಟಾಗಳನ್ನೆಲ್ಲ ಒಟ್ಟಿಗೆ ಹೊರಕ್ಕೆ ದೂಡುತ್ತದೆ. ಸಿನಿಮಾ ಹೀರೋನಂತೆ ಮಣಿಕಟ್ಟು ಝಾಡಿಸಿ ಮುಚ್ಚಬೇಡಿ, ಕೀಲು ಸಡಿಲವಾಗುತ್ತದೆ. ಎರಡೂ ಕೈಯಿಂದ ಮೆಲ್ಲಗೆ ಸೇರಿಸಿ.

ಈಗ ಒಂದು ಭೂತಗನ್ನಡಿ ತನ್ನಿ. ವೆಬ್ಲಿ ತಯಾರಾದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಆ ಊರಿನಲ್ಲಿ 1813ರಿಂದ ಬಂದೂಕು ಪರೀಕ್ಷಿಸಿ ಮುದ್ರೆ ಒತ್ತುವ ಮನೆಯಿದೆ. ನಳಿಗೆಯ ಮೇಲೂ ತೋಟಾ ತುಂಬುವ ಗಾಲಿಯ ಮೇಲೂ ಸಾಸಿವೆ ಕಾಳಿನಷ್ಟು ಅಕ್ಷರಗಳು ಕಾಣುತ್ತವೆ. ಒಂದಕ್ಕೊಂದು ಅಡ್ಡವಾದ ರಾಜದಂಡಗಳು, ಮೇಲೊಂದು ಕಿರೀಟ ಇದ್ದರೆ ಸಾಮಾನ್ಯವಾಗಿ 1904ಕ್ಕಿಂತ ಹಿಂದಿನದು. ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂದಿದ್ದರೆ ಆಮೇಲಿನದು. ಈ ಎನ್.ಪಿ. ಮುಖ್ಯ: ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾಗಿದೆ ಎಂಬುದರ ಗುರುತು. ಅದಿಲ್ಲದ, ಕರಿಮದ್ದಿನ ಕಾಲದ ರಿವಾಲ್ವರಿಗೆ ಇಂದಿನ ತೋಟಾ ಹಾಕುವುದು ಅಪಾಯ. ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಎಂದಿದ್ದರೆ ಅದು ಬೆಲ್ಜಿಯಮ್ಮಿನ ಲೀಜ್ ಊರಿನ ಮುದ್ರೆ, ತಾತ "ಇಂಗ್ಲೆಂಡ್ ಮಾಲು" ಎಂದು ಎಷ್ಟೇ ಹೇಳಿಕೊಂಡಿದ್ದರೂ. ಬೋರನ್ನೂ ನೋಡಿ. .38, .455 ಸೇನೆಯ ಬೋರುಗಳು, ನಿರ್ಬಂಧಿತ ಪಟ್ಟಿಯಲ್ಲಿವೆ. ಅವುಗಳ ವಿಷಯ ಮಂಡ್ಯದಲ್ಲೇ ಇತ್ಯರ್ಥವಾಗುವುದಿಲ್ಲ.

ಬ್ರಾಸೋ ತಿನ್ನುವುದು ಈ ಅಕ್ಷರಗಳನ್ನೇ. ಜೊತೆಗೆ ಕಬ್ಬಿಣಕ್ಕೆ ಕಾರ್ಖಾನೆಯವರು ಕೊಟ್ಟ ನೀಲಿ-ಕಪ್ಪು ಲೇಪವನ್ನೂ. ಕ್ರಮಸಂಖ್ಯೆ ಮಾಸಿದರಂತೂ ಕೋರ್ಟಿನ ಮಾತಾಗುತ್ತದೆ: ಗುರುತು ಅಳಿಸುವುದು ಕಾಯ್ದೆಯ 8ನೇ ಕಲಮಿನಲ್ಲಿ ಅಪರಾಧ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಾಡಿಸಿದ ಬಂದೂಕುಗಳನ್ನು ಲಂಡನ್ನಿನ ಹರಾಜಿನವರು ಇಂದಿಗೂ ಗುರುತಿಸುವುದು ಹುಲಿಪಟ್ಟೆಯಿಂದ, ಕೆತ್ತಿದ ಅಕ್ಷರಗಳಿಂದ. ಅವನ್ನೂ ಯಾರೋ ಪುಣ್ಯಾತ್ಮ ಉಜ್ಜಿ ಹೊಳೆಸಿದ್ದರೆ ಏನು ಉಳಿಯುತ್ತಿತ್ತು?

ಆರೈಕೆ ಸುಲಭ. ಹತ್ತಿಬಟ್ಟೆ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಸಾಕು. ಕೊಬ್ಬರಿ ಎಣ್ಣೆ ಬೇಡವೇ ಬೇಡ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಇಟ್ಟೇ ಬಿಡುವುದು ನಮ್ಮವರ ಇನ್ನೊಂದು ಚಾಳಿ. ಶಿಂಷೆಯ ದಡದ ಊರು, ಸುತ್ತ ಕಬ್ಬು, ನಾಲೆ ನೀರು. ಚರ್ಮ ತೇವ ಹೀರಿಕೊಂಡು ಕಬ್ಬಿಣಕ್ಕೆ ದಾಟಿಸುತ್ತದೆ, ತೋಟಾದ ಹಿತ್ತಾಳೆ ಹಸಿರು ಕಿಲುಬು ಕಟ್ಟುತ್ತದೆ. ತಿರುಪು ಬಿಚ್ಚುವ ಆಸೆಯಾದರೆ ಸೈಕಲ್ ಶಾಪಿನ ಸ್ಕ್ರೂ ಡ್ರೈವರ್ ತರದೆ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಬಳಿ ಹೋಗಿ.

ಆಯುಧಪೂಜೆಯ ದಿನ ಕುಂಕುಮ, ಗಂಧ, ಹೂವಿನ ನೀರು, ಕೆಲವರ ಮನೆಯಲ್ಲಿ ನಿಂಬೆಹಣ್ಣು. ಪೂಜೆ ಬೇಡ ಎನ್ನಲು ನಾನು ಯಾರು? ಮಂಗಳಾರತಿ ಆದ ಸಂಜೆಯೇ ಒರೆಸಿ ಎಣ್ಣೆ ಸವರಿ, ಅಷ್ಟೆ. ಮರುದಿನದವರೆಗೆ ಬಿಟ್ಟ ನಿಂಬೆರಸದ ಕಲೆ ಲೇಪದ ಮೇಲೆ ಬೂದು ಮಚ್ಚೆಯಾಗಿ ಕೂತರೆ ಮತ್ತೆ ಹೋಗುವುದಿಲ್ಲ.

ಚುನಾವಣೆ ಬಂದರೆ ಠಾಣೆಯಲ್ಲಿ ಠೇವಣಿ ಇಡಬೇಕಾಗಬಹುದು, ವಾರಗಟ್ಟಲೆ. ಕೊಡುವ ಹಿಂದಿನ ದಿನ ಎಣ್ಣೆ ಸ್ವಲ್ಪ ಧಾರಾಳವಾಗಿಯೇ ಹಾಕಿ, ಚೀಲದಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ಕ್ರಮಸಂಖ್ಯೆ ಬರೆಸಿಕೊಂಡು, ವಾಪಸ್ ತರುವಾಗ ಅಲ್ಲೇ ಮೇಜಿನ ಮೇಲೆ ತಾಳೆ ನೋಡಿ.