ಕಾಫಿಗೆ ಹಾಕುವ ಗುಳಿಗೆ, ಎಲೆಗೆ ಬೀಳುವ ಬರ್ಫಿ

ಮದುವೆ ಊಟದಲ್ಲಿ ಈಗ ಸಕ್ಕರೆ ಕಾಯಿಲೆಯವರಿಗೂ ಒಂದು ಸಿಹಿ ಇರುತ್ತದೆ. "ಏನೂ ಆಗಲ್ಲ ತಗೊಳ್ಳಿ ಭಾವ, ಶುಗರ್ ಫ್ರೀ" ಎನ್ನುತ್ತಲೇ ಎಲೆಗೆ ಬಡಿಸಿ ಮುಂದೆ ಹೋಗುತ್ತಾರೆ. ಭಾವನವರು ಒಂದು ತಿಂದು, ಇನ್ನೊಂದು ಹಾಕಿಸಿಕೊಳ್ಳುತ್ತಾರೆ. ಕೃತಕ ಸಿಹಿಯ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಅದು ವಿಷವೋ ಅಲ್ಲವೋ ಎಂಬಲ್ಲೇ ಸುತ್ತುತ್ತಿರುತ್ತದೆ. ನನಗಂತೂ ಕಾಫಿಗೆ ಹಾಕುವ ಗುಳಿಗೆಗಿಂತ ಈ ಎರಡನೇ ಬರ್ಫಿಯ ಮೇಲೇ ಅನುಮಾನ ಹೆಚ್ಚು.

ವಿಷದ ಮಾತನ್ನು ಮೊದಲು ಮುಗಿಸಿಬಿಡೋಣ. 1879ರಲ್ಲಿ ಕಂಡುಹಿಡಿದ ಸ್ಯಾಕರಿನ್, ಇಲಿಗಳ ಮೂತ್ರಕೋಶದ ಕ್ಯಾನ್ಸರಿನ ಆರೋಪ ಹೊತ್ತು ಅಮೆರಿಕದಲ್ಲಿ 2000ದವರೆಗೂ ಎಚ್ಚರಿಕೆಯ ಚೀಟಿ ಅಂಟಿಸಿಕೊಂಡೇ ಮಾರಾಟವಾಯಿತು. ಇಲಿಯಲ್ಲಿ ಆಗುವುದು ಮನುಷ್ಯನಲ್ಲಿ ಹಾಗೆಯೇ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಚೀಟಿ ಹೋಯಿತು. 2023ರ ಜುಲೈನಲ್ಲಿ ಅಸ್ಪಾರ್ಟೇಮ್‌ನ ಸರದಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು '2ಬಿ' ಗುಂಪಿಗೆ, ಅಂದರೆ ಕ್ಯಾನ್ಸರಿಗೆ ಕಾರಣವಾಗಿದ್ದರೂ ಇರಬಹುದು ಎನ್ನುವ ಪಟ್ಟಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ. ಅದೇ ಹೊತ್ತಿಗೆ ಆಹಾರದಲ್ಲಿ ಬೆರೆಸುವ ವಸ್ತುಗಳನ್ನು ಪರಿಶೀಲಿಸುವ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಅರವತ್ತು ಕಿಲೋ ತೂಗುವವರಿಗೆ ಅದು 2,400 ಮಿಲಿಗ್ರಾಂ. ಒಂದು ಗುಳಿಗೆಯಲ್ಲಿರುವುದು ಸುಮಾರು 18. ದಿನಕ್ಕೆ ನೂರು ಲೋಟ ಕಾಫಿ ಕುಡಿಯುವವರು ಬೇರೆ ಕಾರಣಕ್ಕೆ ಆಸ್ಪತ್ರೆ ಸೇರುತ್ತಾರೆ, ಬಿಡಿ.

ಅದಕ್ಕೂ ಎರಡು ತಿಂಗಳು ಮೊದಲು ಬಂದ ಸುದ್ದಿಯನ್ನು ಹೆಚ್ಚಿನವರು ಅರ್ಧಕ್ಕೇ ಓದಿ ಬಿಟ್ಟರು. ತೂಕ ಇಳಿಸಲು ಈ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ನಿಜ. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದೇ ದಾಖಲೆ ಹೇಳಿತ್ತು. ಹಾಗೆಂದು ಮಧುಮೇಹಿಗಳಿಗೆ ಪೂರ್ತಿ ಅಭಯ ಸಿಕ್ಕಿತು ಎಂದಲ್ಲ. ಅವರ ವಿಷಯವನ್ನು ಅಲ್ಲಿ ತೂಗಿ ನೋಡಿರಲಿಲ್ಲ, ಅಷ್ಟೇ. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಕೃತಕ ಸಿಹಿ ಬಳಸುವವರಿಗೆ ಮಧುಮೇಹ ಹೆಚ್ಚು ಕಂಡಿದೆ. ಆದರೆ ತೂಕ ಏರುತ್ತಿದೆ, ಮನೆಯಲ್ಲಿ ಅಪ್ಪನಿಗೂ ಶುಗರ್ ಇದೆ ಎಂದು ಹೆದರಿದವರೇ ಮೊದಲು ಗುಳಿಗೆಗೆ ಕೈಹಾಕುವುದಲ್ಲವೇ? ಕಾರಣ ಯಾವುದು, ಪರಿಣಾಮ ಯಾವುದು ಎಂದು ಇಂಥ ಅಧ್ಯಯನದಿಂದ ಬಿಡಿಸುವುದು ಕಷ್ಟ. ಈ ಸಿಹಿಗಳು ಕರುಳಿನ ಸೂಕ್ಷ್ಮಾಣುಗಳನ್ನೇ ಬದಲಿಸುತ್ತವೆ ಎಂಬ ಮಾತು ಬೇರೆ. 2022ರಲ್ಲಿ ಇಸ್ರೇಲಿನ ವಿಜ್ಞಾನಿಗಳು 120 ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ ಸ್ಯಾಕರಿನ್ ಮತ್ತು ಸುಕ್ರಲೋಸ್ ತೆಗೆದುಕೊಂಡವರ ರಕ್ತದ ಗ್ಲೂಕೋಸ್ ಎರಡೇ ವಾರದಲ್ಲಿ ಹೆಚ್ಚು ಏರತೊಡಗಿತ್ತು. ಇದನ್ನು ತಳ್ಳಿಹಾಕಲಾಗದು. ಮಧುಮೇಹಿಗಳಿಗೆ ನೇರವಾಗಿ ಅನ್ವಯಿಸಲೂ ಆಗದು.

ನಮಗೆ ಹತ್ತಿರದ ಉತ್ತರ ಚೆನ್ನೈನಿಂದ ಬಂದಿದೆ. ಅಲ್ಲಿನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ಟೈಪ್ 2 ಮಧುಮೇಹಿಗಳಲ್ಲಿ ಒಂದು ಗುಂಪಿಗೆ ಕಾಫಿ–ಟೀಗೆ ಸಕ್ಕರೆಯ ಬದಲು ಸುಕ್ರಲೋಸ್ ಕೊಟ್ಟು, 12 ವಾರ ಕಳೆದ ಮೇಲೆ 179 ಮಂದಿಯ ಲೆಕ್ಕ ನೋಡಿದರು. ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ತೂಕವೂ ಸೊಂಟದ ಸುತ್ತಳತೆಯೂ ತುಸು ಇಳಿದವು. 'ಮೂರು ತಿಂಗಳ ಶುಗರ್' ಎಂದು ನಾವೆಲ್ಲ ಕರೆಯುವ ಸರಾಸರಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೆಡುಕಾಗಲಿಲ್ಲ ಎಂದು ಒಬ್ಬರು ಇದನ್ನು ಹೊಗಳಬಹುದು, ಲಾಭವಿಲ್ಲ ಎಂದು ಇನ್ನೊಬ್ಬರು ಜರೆಯಬಹುದು. ನನಗೆ ಇದರಲ್ಲಿ ಕಾಣುವುದು ನಮ್ಮ ಊಟದ ಎಲೆ. ಒಂದು ಚಮಚ ಸಕ್ಕರೆ ಅಂದರೆ ಐದು ಗ್ರಾಂ. ದಿನಕ್ಕೆ ನಾಲ್ಕು ಕಾಫಿ ಕುಡಿದರೆ ಇಪ್ಪತ್ತು. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲೇ ಎಪ್ಪತ್ತು ಗ್ರಾಂ ಆಸುಪಾಸು ಪಿಷ್ಟವಿದೆ, ಅದರ ಮೇಲೆ ಅನ್ನ ಬೇರೆ. ಗುಳಿಗೆ ತನ್ನ ಪಾಲಿನ ಕೆಲಸ ಮಾಡುತ್ತದೆ. ಆ ಪಾಲೇ ಚಿಕ್ಕದು.

ಇನ್ನು ಬರ್ಫಿ. ಸಿಹಿತಿಂಡಿಯಲ್ಲಿ ಸಕ್ಕರೆ ಬರೀ ರುಚಿಗೆ ಇರುವುದಲ್ಲ, ತೂಕ, ಹದ, ಗಟ್ಟಿತನ ಎಲ್ಲ ಅದರದೇ. ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ಹಾಗಾಗಿ ಚಿಟಿಕೆಗಿಂತ ಕಡಿಮೆ ಸಾಕು. ಆಗ ಖಾಲಿಯಾದ ಜಾಗ ತುಂಬುವುದು ಯಾವುದರಿಂದ? ಖೋವಾ, ತುಪ್ಪ, ಗೋಡಂಬಿ ಪುಡಿ, ಇಲ್ಲವೇ ಮಾಲ್ಟಿಟಾಲ್. ಸಕ್ಕರೆಯಲ್ಲಿ ಗ್ರಾಮಿಗೆ 4 ಕ್ಯಾಲರಿ, ತುಪ್ಪದಲ್ಲಿ 9. ಮಾಲ್ಟಿಟಾಲ್ ಸಕ್ಕರೆಯಷ್ಟಲ್ಲದಿದ್ದರೂ ಗ್ಲೂಕೋಸನ್ನು ಏರಿಸುತ್ತದೆ, ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿ ಮಾಡಿಸುತ್ತದೆ. 'ಸಕ್ಕರೆ ಸೇರಿಸಿಲ್ಲ' ಎಂಬ ಖರ್ಜೂರದ ಬರ್ಫಿಯದು ಇನ್ನೂ ಚೆಂದ: ಒಣ ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಶುಗರ್ ಫ್ರೀ ಬಿಸ್ಕತ್ತಿನ ಪೊಟ್ಟಣವನ್ನೂ ಹಿಂದೆ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರು ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟಿನದು. ಮುಂದೆ ದಪ್ಪಕ್ಷರದಲ್ಲಿರುವುದು ಸುಳ್ಳಲ್ಲ, ಹಿಂದೆ ಇರುವೆಯಷ್ಟು ಅಕ್ಷರದಲ್ಲಿರುವುದೂ ಸುಳ್ಳಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಬಿಡಿಯಾಗಿ ತೂಗಿ ಕೊಡುವ ಬರ್ಫಿಗೆ ತಿರುಗಿಸಿ ನೋಡಲು ಹಿಂಭಾಗವೂ ಇಲ್ಲ.

ಮನೆಯಲ್ಲೇ ಮಾಡುತ್ತೇವೆ ಎನ್ನುವವರಿಗೊಂದು ಮಾತು: ಅಸ್ಪಾರ್ಟೇಮ್ ಹಾಕಿ ಪಾಯಸ ಕುದಿಸಿದರೆ ಸಿಹಿಯೇ ಹೋಗುತ್ತದೆ. ಇಳಿಸಿ, ಸ್ವಲ್ಪ ಆರಿದ ಮೇಲೆ ಬೆರೆಸಬೇಕು.

ಇವೆಲ್ಲಕ್ಕಿಂತ ನನಗೆ ಭಯವಾಗುವುದು ಸಕ್ಕರೆ ಡಬ್ಬವನ್ನೇ ಹೊರಹಾಕಿದ ಮನೆಗಳನ್ನು ಕಂಡರೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದ ದಿನ ಶುಗರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಗಾಬರಿಯಲ್ಲಿ ಎರಡು ಗುಳಿಗೆ ಕದಡಿದ ನೀರು ಕುಡಿಸಿದರೆ ಬಾಯಿ ಸಿಹಿಯಾದೀತು, ರಕ್ತಕ್ಕೆ ಏನೂ ಸೇರದು. ಡಯಟ್ ಕೋಲಾದ್ದೂ ಅದೇ ಕಥೆ. ಪ್ರಜ್ಞೆ ಇದ್ದು ನುಂಗಬಲ್ಲವರಿಗೆ ಬೇಕಾದ್ದು ಹದಿನೈದು ಗ್ರಾಂ ನಿಜವಾದ ಸಕ್ಕರೆ, ಅಂದರೆ ಮೂರು ಚಮಚ. ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಊಟದ ಜೊತೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಅಡುಗೆಮನೆಯ ಸಕ್ಕರೆಯೂ ಬೇಗ ಹತ್ತುವುದಿಲ್ಲ, ಆ ಮಾತ್ರೆಗಳ ಕೆಲಸವೇ ಸಕ್ಕರೆ ಒಡೆಯುವುದನ್ನು ತಡೆಯುವುದು. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು, ಮತ್ತು ಅದು ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಬೇಕು.