ಮುಖದ ಎರಡು ಬಣ್ಣ

1980ರ ದಶಕದಲ್ಲಿ ದೂರದರ್ಶನವು ಬಿತ್ತರಿಸಿದ ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು (1966–69) ನಾವು ಬಾಲಕರು ನೋಡಿದ್ದು ಆಕಾಶನೌಕೆಗಾಗಿ. ಇಂದು ಅಕ್ಕಿಆಲೂರಿನಲ್ಲಿ ಮತ್ತೆ ನೋಡುವಾಗ ನೌಕೆ ಆಟಿಕೆಯಂತಿದೆ. ಮುಖಗಳು ಮಾತ್ರ ಮಾಸಿಲ್ಲ.

1969ರ ಜನವರಿಯ ಕಂತೊಂದರಲ್ಲಿ ಅನ್ಯಗ್ರಹದ ಇಬ್ಬರು ಬರುತ್ತಾರೆ. ಬೀಲ್‌ನ ಬಲಭಾಗ ಕಪ್ಪು, ಎಡಭಾಗ ಬಿಳಿ, ಲೋಕಾಯಿಯದು ಅದಲುಬದಲು. ಇಷ್ಟೇ ಭೇದಕ್ಕಾಗಿ ಲೋಕಾಯಿಯ ಜನರು ದಾಸರಾಗಿದ್ದರು. ಬೀಲ್ ಅವನನ್ನು ಬೆನ್ನಟ್ಟಿದ ಅಧಿಕಾರಿ. ಅವರ ಲೋಕವೇ ಉರಿದು ಬರಿದಾದರೂ ಹೋರಾಟ ನಿಲ್ಲುವುದಿಲ್ಲ.

ದೃಷ್ಟಾಂತವು ಸ್ಪಷ್ಟ. ಆದರೆ ಕೊನೆಗೆ ಕಥೆಯು ತುಳಿದವನ ದ್ವೇಷವನ್ನೂ ತುಳಿತಕ್ಕೊಳಗಾದವನ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇದೇ ಅದರ ಕೊರತೆ. ನ್ಯಾಯವಿಲ್ಲದೆ ಸಮಾಧಾನವುಂಟೆ? ಜಾತಿಯ ನೋವನ್ನು ಬಲ್ಲ ನಾವು ಇದನ್ನು ಮಕ್ಕಳೊಡನೆ ನೋಡೋಣ. ಮುಗಿದ ಮೇಲೆ ‘ಮೊದಲು ತುಳಿದವರಾರು?’ ಎಂದು ಕೇಳೋಣ.